ಕಿಲಿಮಂಜಾರೋ ತಪ್ಪಲಿನ ತೋಟದ ಮನೆಯಲ್ಲಿ

ಟಾಂಜಾನಿಯಾಕ್ಕೆ ಹೋಗಿದ್ದೆ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು: ಕಿಲಿಮಂಜಾರೋ ಹತ್ತಿದೆಯಾ? ಇಲ್ಲ. 5,895 ಮೀಟರ್ ಎತ್ತರದ ಆ ಬೆಟ್ಟದ ಬಿಳಿ ನೆತ್ತಿ ಬೆಳಗ್ಗೆ ಸ್ವಲ್ಪ ಹೊತ್ತು ಕಾಣುತ್ತಿತ್ತು, ಆಮೇಲೆ ಬರೀ ಮೋಡ. ಕೃಷಿ ಓದುವ ನನಗೆ ಬೇಕಿದ್ದದ್ದು ಅದರ ಬುಡದಲ್ಲಿತ್ತು. ಮರಾಂಗು ಕಡೆಯ ಹಳ್ಳಿಯೊಂದರಲ್ಲಿ, ಚಗ್ಗ ಜನರ ಮನೆಯಲ್ಲಿ ಉಳಿದು ಅವರ ತೋಟ ನೋಡಲು ಹೋಗಿದ್ದೆ.

ಮೋಶಿ ಪಟ್ಟಣದಿಂದ ದಾಲಾದಾಲಾ ಎನ್ನುವ ಮಿನಿಬಸ್ಸಿನಲ್ಲಿ ಬಂದು ಇಳಿದರೆ, ಮಣ್ಣಿನ ದಾರಿಯ ಎರಡೂ ಬದಿ ಬಾಳೆಯೋ ಬಾಳೆ. ಊರು ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಪ್ರತಿ ಮನೆಯೂ ತನ್ನ ತೋಟದೊಳಗೆ ಅಡಗಿದೆ. ಆ ತೋಟವೇ ಕಿಹಂಬ. ಮೇಲೆ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಅರೇಬಿಕಾ ಕಾಫಿ, ನೆಲದಲ್ಲಿ ಕೆಸು, ಬೀನ್ಸ್, ಸೊಪ್ಪು. ಸುತ್ತ ಡ್ರಸೀನಾ ಗಿಡದ ಬೇಲಿ. ಜಗಳವಾಡಿದವರು ಕ್ಷಮೆ ಕೇಳಲು ಹೋಗುವಾಗ ಇದೇ ಗಿಡದ ಎಲೆ ಹಿಡಿದು ಹೋಗುವುದು ಇವರ ಹಳೆಯ ರೂಢಿ.

ಹಿರಿಯರಿಗೆ 'ಶಿಕಮೋ' ಎಂದೆ, 'ಮರಹಾಬಾ' ಎಂದರು. ಅಷ್ಟೇ, ಮನೆಗೆ ಸೇರಿಸಿಕೊಂಡುಬಿಟ್ಟರು. ಮನೆಯೊಡತಿಯನ್ನು ಎಲ್ಲರಂತೆ ನಾನೂ ಮಾಮಾ ಎಂದೇ ಕರೆದೆ, ಸ್ವಾಹಿಲಿಯಲ್ಲಿ ಹಾಗೆಂದರೆ ಅಮ್ಮ.

ಮಾಮಾ ಕೊಟ್ಟ ಕೆಲಸ ಹಸುವಿನದು. ಇಲ್ಲಿ ಹಸುಗಳನ್ನು ಮೇಯಲು ಬಿಡುವುದಿಲ್ಲ, ಬಿಡಲು ಜಾಗವೇ ಇಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕುತ್ತಾರೆ. ಹೆಂಗಸರು ಕೆಳಗಿನ ಬಯಲಿನಿಂದ ಹುಲ್ಲಿನ ಹೊರೆ ತಲೆಯ ಮೇಲೆ ಹೊತ್ತು ತರುತ್ತಾರೆ. ಆ ಏರುದಾರಿಯಲ್ಲಿ ಬರಿಗೈಯಲ್ಲಿ ನಡೆದರೇ ಉಸಿರು ಕಟ್ಟುತ್ತದೆ! ಹುಲ್ಲು ಸಾಲದಿದ್ದಾಗ ಬಾಳೆದಿಂಡು. ಅದನ್ನು ಸಣ್ಣಗೆ ಕೊಚ್ಚುವುದು ನನ್ನ ಪಾಲಿಗೆ ಬಂತು. ಸಗಣಿ ಮತ್ತೆ ಬಾಳೆಯ ಬುಡಕ್ಕೆ.

ಮಂಡ್ಯದವಳಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಕಾಲುವೆಗಳು. ಮೇಲಿನ ಕಾಡಿನ ತೊರೆಗಳಿಂದ ಇಳಿಜಾರಿನ ಅಂಚಿನಲ್ಲೇ ತೋಡಿ ತಂದ ಸಣ್ಣ ಸಣ್ಣ ನಾಲೆಗಳವು. ಜರ್ಮನ್ನರು ಇಲ್ಲಿಗೆ ಆಳಲು ಬರುವ ಮುಂಚೆಯೇ ಇವರ ಹಿರಿಯರು ಕೈಯಿಂದ ತೋಡಿದ್ದು. ಯಾರ ತೋಟಕ್ಕೆ ಯಾವಾಗ ನೀರು ಅನ್ನುವುದಕ್ಕೆ ಸರದಿ ಇದೆ. ಹೂಳು ತೆಗೆಯಲು ಬಾರದವರಿಗೆ ಊರವರೇ ದಂಡ ಹಾಕುತ್ತಾರೆ. ನಾಲೆ ನೀರಿನ ಜಗಳ ನೋಡುತ್ತಲೇ ಬೆಳೆದ ನನಗೆ, ಆ ಕಾಲುವೆಯ ಪಕ್ಕ ಕೂತು ಸರದಿ ಕಾಯುವುದೇ ಒಂದು ಪಾಠವಾಗಿತ್ತು.

ಊಟಕ್ಕೆ ಬಾಳೆಕಾಯಿ, ಬೀನ್ಸ್ ಸೇರಿಸಿ ಬೇಯಿಸಿದ ಕಿಬುರು. ಕೆಲವು ದಿನ ಮುಸುಕಿನ ಜೋಳದ ಹಿಟ್ಟಿನ ಮುದ್ದೆಯಂಥ ಉಗಾಲಿ. ಕಾಫಿ ಬೆಳೆಯುವ ಮನೆಯಲ್ಲಿ ಕುಡಿಯುವುದು ಚಹಾ! ಕಾಫಿ ಮಾರಾಟಕ್ಕೆ. ಅದಕ್ಕೆಂದೇ 1933ರಲ್ಲಿ ಇಲ್ಲಿನ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಆಮೇಲೆ ಬೆಲೆ ಬಿದ್ದು ಎಷ್ಟೋ ಮಂದಿ ಗಿಡ ಕಿತ್ತಿದ್ದಾರೆ. ಮಾಮಾ ಕಿತ್ತಿಲ್ಲ.

ಒಂದು ಭಾನುವಾರ ನೆರೆಮನೆಯಲ್ಲಿ ಎಂಬೆಗೆ ಮಾಡುವುದನ್ನು ನೋಡಿದೆ. ಹಣ್ಣಾದ ಬಾಳೆಯನ್ನು ಬೇಯಿಸಿ ಹುಳಿಯಲು ಬಿಟ್ಟು, ಮೊಳಕೆ ಬಂದ ಕಾಳಿನ ಹಿಟ್ಟಿನ ಗಂಜಿ ಬೆರೆಸಿ ಮಾಡುವ ಪಾನೀಯ. ಒಣಗಲು ಹರಡಿದ್ದ ಆ ಕಾಳನ್ನು ಕೈಗೆ ತೆಗೆದುಕೊಂಡರೆ, ರಾಗಿ! ರಾಗಿ ಮೊದಲು ಪಳಗಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ನಾವು ಅದನ್ನು ಮುದ್ದೆ ಮಾಡಿ ತಿನ್ನುತ್ತೇವೆ ಎಂದಾಗ ಆ ಮನೆಯ ಅಜ್ಜಿ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ಆ ಅಜ್ಜಿಯ ಚಿಂತೆಯೆಲ್ಲ ತೋಟದ್ದು. ಇಲ್ಲಿ ಹಿರಿಯ ಮಗನಿಗೂ ಕಿರಿಯ ಮಗನಿಗೂ ಮೊದಲ ಹಕ್ಕು. ಹೆತ್ತವರ ಮನೆ ಕಿರಿಯವನಿಗೆ. ನಡುವಿನವರು ವ್ಯಾಪಾರಕ್ಕೋ ಕೆಲಸಕ್ಕೋ ಪಟ್ಟಣ ಸೇರುತ್ತಾರೆ. ಪಾಲಾಗಿ ಪಾಲಾಗಿ ತೋಟ ಒಂದೆರಡು ಎಕರೆಗೆ ಇಳಿದಿದೆ. ಆದರೂ ಮಾರುವ ಮಾತು ಯಾರೂ ಆಡುವುದಿಲ್ಲ, ಹಿರಿಯರ ಸಮಾಧಿ ಇರುವುದು ಅದೇ ಬಾಳೆಗಳ ನಡುವೆ. ನಮ್ಮೂರಲ್ಲೂ ಜಮೀನು ಹೀಗೇ ಪಾಲಾಗುತ್ತಿದೆ. ಅದಕ್ಕೇ ಇವರು ಅಷ್ಟು ನೆಲದಲ್ಲಿ ಬಾಳೆ, ಕಾಫಿ, ಹಸು ಎಲ್ಲವನ್ನೂ ಹೇಗೆ ಇಟ್ಟುಕೊಂಡಿದ್ದಾರೆ ಎಂದು ಪುಸ್ತಕ ತುಂಬ ಬರೆದುಕೊಂಡೆ.

ಹೊರಡುವ ಹೊತ್ತಿಗೆ ಮಾಮಾ ಡಿಸೆಂಬರಿನ ಲೆಕ್ಕ ಶುರು ಮಾಡಿದ್ದರು. ಕ್ರಿಸ್‌ಮಸ್‌ಗೆ ದಾರ್ ಎಸ್ ಸಲಾಮಿನಿಂದ ಮಕ್ಕಳೆಲ್ಲ ಬರುತ್ತಾರೆ, ಬಸ್ಸು ಸಿಗುವುದೇ ಕಷ್ಟ, ಯಾವ ಮೇಕೆ ಕಡಿಯಬೇಕು, ಯಾರು ಎಲ್ಲಿ ಮಲಗಬೇಕು. ನೀನೂ ಬಾ, ಆದರೆ ನಿನ್ನ ಕೋಣೆ ದೊಡ್ಡ ಮಗನಿಗೆ ಹೋಗುತ್ತೆ, ಅಜ್ಜಿಯ ಹತ್ತಿರ ಮಲಗು ಎಂದರು.