ಬಳ್ಳಿ ಗುಲಾಬಿ: ಇರುವೆಗಳ ಕಳ್ಳದಾರಿ ಕೊನೆಗೂ ಸಿಕ್ಕಿತು

ಬಳ್ಳಿ ಗುಲಾಬಿಯ ಮೇಲೆ ಇವತ್ತು ಇರುವೆ ಇಲ್ಲ. ಬುಡದಿಂದ ತುದಿವರೆಗೆ ಹುಡುಕಿದೆ, ಎಲೆ ಮಗುಚಿ ನೋಡಿದೆ, ಇಲ್ಲವೇ ಇಲ್ಲ! ಇನ್ನೂ ಖುಷಿಯ ಸಂಗತಿ ಎಂದರೆ, ಮೊಗ್ಗುಗಳ ಕೆಳಗೆ ಗುಲಗಂಜಿ ಹುಳದ ಮರಿಗಳು ಗಿಡಹೇನು ತಿನ್ನುತ್ತಿವೆ. ಕಪ್ಪು ಮೈ, ಮೇಲೆ ಕಿತ್ತಳೆ ಚುಕ್ಕೆ, ನೋಡಲು ಒರಟು. ಈ ಗಿಡದಲ್ಲಿ ಅವು ನೆಲೆ ನಿಂತದ್ದು ಇದೇ ಮೊದಲು.

ಸಮರಿದ ಮೇಲೆ ಚಿಗುರು, ಚಿಗುರಿನ ಹಿಂದೆಯೇ ಹೇನು. ಈ ಕಥೆ ನಿಮಗೆಲ್ಲ ಗೊತ್ತಿರುವುದೇ. ಜೋರು ನೀರು, ಸಂಜೆ ಹೊತ್ತು ಸೋಪಿನ ನೀರು, ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ. ಕುಂಡದ ಗಿಡಗಳೆಲ್ಲ ಇಷ್ಟಕ್ಕೇ ಸುಧಾರಿಸಿದವು. ಬಳ್ಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತೊಳೆದ ವಾರದೊಳಗೆ ಚಿಗುರು ಮತ್ತೆ ಹಸಿರು ಹೇನಿನಿಂದ ಮುಚ್ಚಿಹೋಗುತ್ತಿತ್ತು. ಕೆಳಗಿನ ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು.

ಬೇವಿನೆಣ್ಣೆ ಮಾರುವವರಿಗೆ ಒಂದು ಮಾತು. ಬಾಟಲಿಯ ಮೇಲೆ ಬೇವಿನ ಮರದ ಚಿತ್ರ ಸಾಕಷ್ಟು ದೊಡ್ಡದಾಗಿದೆ. ಅದನ್ನು ಸ್ವಲ್ಪ ಚಿಕ್ಕದು ಮಾಡಿ, ಹುಳದ ಮೇಲೆ ಕೆಲಸ ಮಾಡುವ ಬೇವಿನ ಅಂಶ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಇದೆ ಅಂತ ಬರೆಯಿರಿ. 300 ಇರುವ ಎಣ್ಣೆಗೂ 10000 ಇರುವುದಕ್ಕೂ ಒಂದೇ ಅಳತೆ ಹಾಕಲು ಆಗುತ್ತದಾ?

ಬಳ್ಳಿಯ ಕಥೆಯೇ ಬೇರೆ. ಅಲ್ಲಿ ಹೇನಿಗೆ ಕಾವಲಿತ್ತು. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಹೇನಿಗೆ ಬೇಕಾದ ಪೋಷಕಾಂಶ ಕಡಿಮೆ. ಹಾಗಾಗಿ ಅದು ರಸ ಹೀರುತ್ತಲೇ ಇರಬೇಕು, ಮಿಕ್ಕ ಸಕ್ಕರೆಯನ್ನು ಸಿಹಿ ಹನಿಯಾಗಿ ಹೊರಗೆ ಬಿಡಬೇಕು. ಇರುವೆ ಮೀಸೆಯಿಂದ ಹೇನಿನ ಬೆನ್ನು ಸವರಿ ಆ ಹನಿ ಕುಡಿಯುತ್ತದೆ. ಬದಲಿಗೆ ದನ ಕಾಯುವ ಹಾಗೆ ಹೇನನ್ನು ಕಾಯುತ್ತದೆ. ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತದೆ. ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುತ್ತದೆ, ಆ ಮರಿ 7ರಿಂದ 10 ದಿನಕ್ಕೆ ತಾನೂ ಮರಿ ಹಾಕಲು ತಯಾರು. ಕಾವಲು ತೆಗೆಯದೆ ಹೇನು ತೊಳೆಯುತ್ತಾ ಕೂತರೆ ಅದು ಮುಗಿಯದ ಕೆಲಸ, ಅಲ್ವಾ?

ಸರಿ, ಕಾಂಡಕ್ಕೆ ಅಂಟು ಪಟ್ಟಿ. ತರಿಸಿದ ಅಂಟಿನ ಡಬ್ಬಿ ತೆರೆದರೆ ಮೇಲೆ ದಪ್ಪ ಕೆನೆ! ತಯಾರಾದ ದಿನಾಂಕ ಎಲ್ಲೂ ಇಲ್ಲ. ಕೆನೆ ಕಿತ್ತು ಹಾಕಿ, ಒಳಗಿನದನ್ನು ಬಳಸಿದೆ. ತೊಗಟೆಗೆ ಅಂಟು ತಾಗಬಾರದು, ಅದಕ್ಕೆ ಮೊದಲು ಬಟ್ಟೆ, ಮೇಲೆ ಟೇಪು, ಅದರ ಮೇಲೆ ಅಂಟು. ಪಟ್ಟಿ ಚೆನ್ನಾಗಿಯೇ ಕೆಲಸ ಮಾಡಿತು. ಕೆಳಗಿನಿಂದ ಬಂದ ಇರುವೆಗಳು ಪಟ್ಟಿಯ ಹತ್ತಿರ ನಿಂತು ತಿರುಗಿ ಹೋದವು. ಆದರೆ ಮೇಲೆ ಚಿಗುರಿನಲ್ಲಿ ಕಾವಲು ಮೊದಲಿನಷ್ಟೇ ಜೋರು. ಸುಮ್ನೆ ತಲೆ ಕೆಡುವ ವಿಷಯ.

ರಾತ್ರಿ ಟಾರ್ಚ್ ಹಿಡಿದು ನಿಂತಾಗ ಗುಟ್ಟು ಗೊತ್ತಾಯಿತು. ಮೇಲೆ ಹೋಗುವ ಇರುವೆಯ ಹಿಂದೆ ಬೀಳಬೇಡಿ, ಅದು ಅಲ್ಲಿ ಇಲ್ಲಿ ಅಲೆಯುತ್ತದೆ. ಹೊಟ್ಟೆ ತುಂಬಿದ್ದು ನೆಟ್ಟಗೆ ಗೂಡಿಗೆ ಹೋಗುತ್ತದೆ. ಅದರ ಹೊಟ್ಟೆ ಉಬ್ಬಿ, ಬೆಳಕಿಗೆ ಹಿಡಿದರೆ ಒಳಗಿನ ರಸ ಹೊಳೆಯುತ್ತದೆ. ಅಂಥದ್ದನ್ನೇ ಹಿಂಬಾಲಿಸಿದೆ. ಅದು ಕಾಂಡದ ಕಡೆಗೆ ಬರಲೇ ಇಲ್ಲ! ಬಳ್ಳಿ ಕಟ್ಟಿದ ತಂತಿ ಹಿಡಿಯಿತು, ತಂತಿಯಿಂದ ಮೊಳೆ, ಮೊಳೆಯಿಂದ ಗೋಡೆಯ ಬಿರುಕು. ಗೂಡು ಇದ್ದದ್ದು ಗೋಡೆಯ ಬುಡದಲ್ಲಿ.

ಬಳ್ಳಿಗೆ ತಂತಿ ಬೇಕೇ ಬೇಕು. ಹಾಗಾಗಿ ಪ್ರತಿ ತಂತಿಗೂ ಮೊಳೆಯ ಹತ್ತಿರ ಟೇಪು ಸುತ್ತಿ ಅಂಟು ಹಚ್ಚಿದೆ. ಗೋಡೆಗೆ ತಾಗುತ್ತಿದ್ದ ರೆಂಬೆಗಳನ್ನು ಕತ್ತರಿಸಿದೆ. ಪಟ್ಟಿಗೆ ಧೂಳು, ಒಣ ಎಲೆ ಅಂಟಿದರೆ ಅದೇ ಸೇತುವೆ ಆಗುತ್ತದೆ, ಅದನ್ನು ಆಗಾಗ ನೋಡುತ್ತಿರಬೇಕು.

ಆಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಗೂಡಿನ ಹತ್ತಿರ, ಇರುವೆಗೆ ನಿಧಾನವಾಗಿ ವಿಷವಾಗುವ ಬೋರಾಕ್ಸ್ ಬೆರೆಸಿದ ಸಕ್ಕರೆ ನೀರು ಮೊದಲೇ ಇಟ್ಟಿದ್ದೆ. 100 ಮಿ.ಲೀ. ನೀರು, 25 ಗ್ರಾಂ ಸಕ್ಕರೆ, 1 ಗ್ರಾಂ ಬೋರಾಕ್ಸ್. ಇರುವೆಗಳು ಮೂಸಿಯೂ ನೋಡಿರಲಿಲ್ಲ. ಮೇಲೆ ತಾಜಾ ಸಿಹಿ ಸಿಗುತ್ತಿರುವಾಗ ಇದು ಯಾಕೆ ಬೇಕು? ತಂತಿಯ ದಾರಿ ಮುಚ್ಚಿದ ಮೇಲೆ ಸಾಲುಗಟ್ಟಿ ಬಂದವು. ಹಾಗಾಗಿ ಮೊದಲು ದಾರಿ ಮುಚ್ಚಿ, ಆಮೇಲೆ ಆಮಿಷ ಇಡಿ. ಬೋರಾಕ್ಸ್ ಜಾಸ್ತಿ ಹಾಕುವುದು ಬೇಡ. ಕೆಲಸಗಾರ ಇರುವೆ ದಾರಿಯಲ್ಲೇ ಸತ್ತರೆ ರಾಣಿಗೆ ಏನೂ ತಲುಪುವುದಿಲ್ಲ. ಮುಚ್ಚಳ ಇರುವ ಡಬ್ಬಿಗೆ ಸಣ್ಣ ತೂತು ಮಾಡಿ, ಒಳಗೆ ಹತ್ತಿ ಇಟ್ಟು, ಮಕ್ಕಳು, ನಾಯಿ, ಬೆಕ್ಕಿನ ಕೈಗೆ ಸಿಗದ ಹಾಗೆ ಇಡಿ.

ಕತ್ತರಿಸಿದ ರೆಂಬೆಗಳನ್ನು ಎಸೆದಿಲ್ಲ. ಒಳ್ಳೆಯ ಕಣ್ಣುಗಳಿವೆ (ಹೊಸ ಚಿಗುರು ಒಡೆಯುವ ಜಾಗ), ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕಸಿ ಕೂರಿಸಲು ಬೆಳೆಸಿದ ಬೇರುಗಿಡಗಳೂ ಪೆನ್ಸಿಲ್ ದಪ್ಪಕ್ಕೆ ಬಂದಿವೆ. ಒಂದು ಗಿಡದ ಕಣ್ಣನ್ನು ಇನ್ನೊಂದರ ತೊಗಟೆಯೊಳಗೆ ಕೂರಿಸುವ ಕಣ್ಣು ಕಸಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಟಿ ಆಕಾರದ ಗಾಯ, ಬಿಗಿಯಾಗಿ ಟೇಪು, ನೆರಳು. ತೊಗಟೆ ಸಲೀಸಾಗಿ ಬಿಡಿಸಿಕೊಂಡರೆ ಈ ವಾರವೇ ಶುರು.

ಬಳ್ಳಿಗೆ ಈಗ ಸೋಪಿನ ನೀರು ಪೂರ್ತಿ ನಿಲ್ಲಿಸಿದ್ದೇನೆ, ಗುಲಗಂಜಿ ಮರಿಗಳಿಗೂ ಅದು ಕೆಟ್ಟದ್ದು. ಕಂದು ಬಣ್ಣಕ್ಕೆ ತಿರುಗಿ ಊದಿಕೊಂಡ ಹೇನುಗಳನ್ನೂ ಮುಟ್ಟುತ್ತಿಲ್ಲ. ಅವುಗಳ ಒಳಗೆ ಪುಟ್ಟ ಕಣಜದ ಮರಿ ಬೆಳೆಯುತ್ತಿರುತ್ತದೆ. ಯೂರಿಯಾ ಬಂದ್, ಮೆತ್ತನೆ ಚಿಗುರು ಜಾಸ್ತಿ ಬಂದರೆ ಹೇನಿಗೇ ಹಬ್ಬ. ಬುಡದಲ್ಲಿ ಸಬ್ಬಸಿಗೆ ಮತ್ತು ಕೊತ್ತಂಬರಿ ಬಿತ್ತಿದ್ದೇನೆ, ಹೂ ಬಿಡುವವರೆಗೆ ಕೀಳುವುದಿಲ್ಲ. ಆ ಹೂವಿಗೆ ಸಿರ್ಫಿಡ್ ನೊಣ ಬರುತ್ತದೆ, ಅದರ ಮರಿಗಳೂ ಹೇನು ತಿನ್ನುತ್ತವೆ. ಹುಳ ಹಿಡಿಯಲು ಹಾಕಿದ್ದ ಹಳದಿ ಅಂಟು ಹಾಳೆಗಳನ್ನು ಈಗಲೇ ತೆಗೆದಿದ್ದೇನೆ, ಆ ನೊಣಗಳು ಅದಕ್ಕೇ ಸಿಕ್ಕಿಬಿದ್ದರೆ ಬಿತ್ತಿ ಏನು ಪ್ರಯೋಜನ?