ಮೊದಲು ಅಡಿಯಲ್ಲಿ ಇರಲು ಕಲಿಯಿರಿ: 40 ದಾಟಿದವರಿಗೆ ಗ್ರ್ಯಾಪ್ಲಿಂಗ್

40 ದಾಟಿ ಗ್ರ್ಯಾಪ್ಲಿಂಗ್ (ಹಿಡಿದು, ಕೆಡವಿ, ನೆಲದ ಮೇಲೆ ಸೆಣಸುವ ಆಟ) ಕಲಿಯಲು ಬಂದವರಲ್ಲಿ ಹೆಚ್ಚಿನವರು ಮೊದಲ ವಾರವೇ ಚೋಕ್ (ಕತ್ತು ಒತ್ತುವ ಪಟ್ಟು), ಆರ್ಮ್‌ಬಾರ್ (ಚಾಚಿದ ಕೈಯ ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಪಟ್ಟು) ಹೇಳಿಕೊಡಿ ಅನ್ನುತ್ತಾರೆ. ಅವು ಕಾಯಲಿ. ಕುಸ್ತಿಯಲ್ಲಿ ಚಿತ್ ಆದರೆ ಆಟ ಮುಗಿಯುತ್ತದೆ, ಎದುರಾಳಿ ಸೋಲೊಪ್ಪುವಂತೆ ಪಟ್ಟು ಹಾಕುವ ಸಬ್‌ಮಿಷನ್ ಆಟದಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೂ ಆಟ ನಡೆಯುತ್ತದೆ. ಹೊಸಬರ ಬಹುಪಾಲು ಹೊತ್ತು ಕಳೆಯುವುದು ಅಲ್ಲೇ, ಇನ್ನೊಬ್ಬರ ಭಾರದ ಅಡಿಯಲ್ಲಿ.

ಸೈಡ್ ಕಂಟ್ರೋಲ್ ಎಂಬ ಸ್ಥಿತಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎದುರಾಳಿ ನಿಮ್ಮ ಬಲಗಡೆಯಿಂದ ಎದೆಯ ಮೇಲೆ ಅಡ್ಡಲಾಗಿ ಒರಗಿದ್ದಾನೆ. ಬಲ ಮುಂಗೈಯನ್ನು ಅವನ ಸೊಂಟದ ಮೂಳೆಗೆ, ಎಡ ಮುಂಗೈಯನ್ನು ಅವನ ಕುತ್ತಿಗೆಗೆ ಅಡ್ಡ ಕೊಡಿ. ಇದೇ ಫ್ರೇಮ್. ಭಾರ ಹೊರಬೇಕಾದದ್ದು ಮೂಳೆ, ತೋಳಿನ ಸ್ನಾಯುವಲ್ಲ. ಹಿಮ್ಮಡಿಗಳನ್ನು ಪೃಷ್ಠದ ಹತ್ತಿರ ಎಳೆದುಕೊಂಡು, ಉಸಿರು ಬಿಡುತ್ತಾ, ಅವನ ತಲೆಯ ದಿಕ್ಕಿಗೆ ಸೊಂಟ ಎತ್ತಿ. ಅವನ ಭಾರ ಮತ್ತೆ ಇಳಿಯುವಷ್ಟರಲ್ಲಿ ನಿಮ್ಮ ಸೊಂಟ ಎಡಕ್ಕೆ ಸರಿದಿರಬೇಕು, ದೇಹ ಬಲ ಮಗ್ಗುಲಿಗೆ ತಿರುಗಿರಬೇಕು. ತೆರೆದ ಸಂದಿಯಲ್ಲಿ ಬಲ ಮಂಡಿಯನ್ನು ಬಲ ಮೊಣಕೈಯ ಪಕ್ಕಕ್ಕೆ ತೂರಿಸಿ, ಗಾರ್ಡ್‌ಗೆ, ಅಂದರೆ ಇಬ್ಬರ ನಡುವೆ ನಿಮ್ಮ ಕಾಲುಗಳು ಇರುವ ಸ್ಥಿತಿಗೆ ಬನ್ನಿ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಕೈ ನೇರವಾಗಿ ಚಾಚಿ ತಳ್ಳಿದರೆ ಆ ಕೈಯನ್ನೇ ಆರ್ಮ್‌ಬಾರ್‌ಗೆ ಕೊಟ್ಟಂತೆ. ಸೊಂಟ ಎತ್ತಿ ಅಲ್ಲೇ ಇಳಿಸಿದರೆ ಜಾಗವೇ ಸಿಗುವುದಿಲ್ಲ. ಗಾಬರಿಯಲ್ಲಿ ಎಡಕ್ಕೆ ಹೊರಳಿದರೆ ಅವನಿಗೆ ನಿಮ್ಮ ಬೆನ್ನು ಸಿಗುತ್ತದೆ. ಇವೆಲ್ಲಕ್ಕೂ ಮುಂಚೆ ಉಸಿರು ಕಟ್ಟುತ್ತದೆ: ಎದೆಯ ಮೇಲೆ ಭಾರ ಬಿದ್ದೊಡನೆ ಹೊಸಬರು ಉಸಿರು ಬಿಗಿಹಿಡಿಯುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಸೋತು ಹೋಗುತ್ತಾರೆ. ಎದೆ ತುಂಬದಿದ್ದರೆ ಹೊಟ್ಟೆಯಿಂದ, ಚಿಕ್ಕ ಚಿಕ್ಕದಾಗಿ ಉಸಿರಾಡಿ.

ಟ್ಯಾಪ್ (ಕೈಯಿಂದ ತಟ್ಟಿ ಸೋಲೊಪ್ಪುವುದು) ಬಗ್ಗೆ ನಮ್ಮ ಮಾತು ಕಟ್ಟುನಿಟ್ಟು. ನೋವು ಬರಲಿ ಎಂದು ಕಾಯಬೇಡಿ. ಆರ್ಮ್‌ಬಾರ್‌ನಲ್ಲಿ ಹಿಡಿತ ಬಿಟ್ಟು ಕೈ ನೇರವಾಗತೊಡಗಿದಾಗಲೇ ತಟ್ಟಿ. ಹೀಲ್ ಹುಕ್ ಇನ್ನೂ ಮೋಸದ್ದು: ತಿರುಚುವುದು ಹಿಮ್ಮಡಿಯನ್ನು, ಹರಿಯುವುದು ಮಂಡಿಯ ಅಸ್ಥಿರಜ್ಜು, ನೋವು ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರಬಹುದು. ಮಂಡಿ ಕದಲದಂತೆ ಸಿಕ್ಕಿ ಹಿಮ್ಮಡಿ ಅವನ ಮೊಣಕೈ ಮಡಿಕೆಗೆ ಬಂದ ಕ್ಷಣವೇ ಸೋಲೊಪ್ಪಿ. ಬ್ರೆಜಿಲಿಯನ್ ಜಿಯು-ಜಿಟ್ಸು ಸ್ಪರ್ಧೆಗಳನ್ನು ನಡೆಸುವ ಒಕ್ಕೂಟ ಐಬಿಜೆಜೆಎಫ್ 2021ರಲ್ಲಿ ಹೀಲ್ ಹುಕ್‌ಗೆ ಅವಕಾಶ ಕೊಟ್ಟದ್ದು ಗೀ (ದಪ್ಪ ಬಟ್ಟೆಯ ಸಮವಸ್ತ್ರ) ಇಲ್ಲದ ಸ್ಪರ್ಧೆಯ ವಯಸ್ಕ ವಿಭಾಗದ ಮೇಲಿನ ದರ್ಜೆಯ ಬ್ರೌನ್, ಬ್ಲ್ಯಾಕ್ ಬೆಲ್ಟ್‌ಗಳಿಗೆ ಮಾತ್ರ. ತಟ್ಟುವುದು ಎದುರಾಳಿಯ ಮೈಮೇಲೆ, ಅವನಿಗೆ ಗೊತ್ತಾಗುವಂತೆ. ಕೈ ಎರಡೂ ಸಿಕ್ಕಿದ್ದರೆ ಬಾಯಿಬಿಟ್ಟು ಹೇಳಿ. ಸರಿಯಾಗಿ ಕೂತ ಚೋಕ್ ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುತ್ತದೆ, ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಬಹುದು. ಹಾಗಾಗಿ ಕಲಿಕೆ ಶುರುಮಾಡುವ ಮುಂಚೆ ವೈದ್ಯರನ್ನು ಕೇಳುವಾಗ ಬರೀ ವ್ಯಾಯಾಮ ಅನ್ನಬೇಡಿ, ಕುತ್ತಿಗೆ ಒತ್ತುತ್ತಾರೆ ಎಂದೇ ಬಿಡಿಸಿ ಹೇಳಿ. ರಕ್ತದೊತ್ತಡ ಇರುವವರಿಗೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಇದು ಮುಖ್ಯ.

ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ ಒಂದು ದಿನ ಬಿಡುವಿರಲಿ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಸ್ನಾಯುರಜ್ಜು ನಿಧಾನ. ಎರಡನೇ ತಿಂಗಳಲ್ಲಿ ಹುಮ್ಮಸ್ಸು ಹೆಚ್ಚಿ ಮೊಣಕೈ, ಬೆರಳು ನೋಯಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮೊದಲು 3 ನಿಮಿಷದ ಎರಡು ಸುತ್ತು, ಮಂಡಿಯೂರಿ ಅಥವಾ ಕೂತೇ ಆರಂಭಿಸಿ. ನಿಂತು ಕೆಡವುವಾಗ ಇಬ್ಬರ ತೂಕವೂ ಒಂದೇ ಮಂಡಿಯ ಪಕ್ಕಕ್ಕೆ ಬೀಳಬಹುದು. ಗದ್ದ ಎದೆಗೆ ಒತ್ತಿ, ಅಂಗೈಯಿಂದ ನೆಲ ತಟ್ಟಿ ಬೀಳುವುದು ರೂಢಿಯಾಗುವ ತನಕ ಆ ಅಭ್ಯಾಸ ಬೇಡ. ಕುತ್ತಿಗೆಯ ಮೇಲೆ ಉರುಳುವ ಪಟ್ಟುಗಳನ್ನಂತೂ ಬಿಟ್ಟೇಬಿಡಿ.

ಉಗುರು ಕತ್ತರಿಸಿರಲಿ, ಅಭ್ಯಾಸ ಮುಗಿದೊಡನೆ ಸೋಪು ಹಚ್ಚಿ ಸ್ನಾನವಾಗಲಿ. ಮ್ಯಾಟ್‌ನಲ್ಲಿ ಗಜಕರ್ಣ ಹರಡುವುದು ಸುಲಭ. ಮೈಮೇಲೆ ಕೆಂಪು ಉಂಗುರ ಕಂಡರೆ, ಅದು ವಾಸಿಯಾಗುವವರೆಗೆ ಮ್ಯಾಟ್ ಹತ್ತಬೇಡಿ.