ಎಲ್ಲಿ ಮಲಗುತ್ತೀಯ?

ನಾನು ಓದಿದ ಮುಂಬಯಿಯ ರಾತ್ರಿ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಒಂದು ಕಿಟಕಿ. ಹತ್ತನೇ ತರಗತಿಯ ಕೋಣೆಯಲ್ಲಿ ಕೊನೆಯ ಬೆಂಚಿನ ಪಕ್ಕದ್ದು. ಅದರಿಂದ ಬೋರಾಬಜಾರಿನ ಗದ್ದಲ, ಕೈಗಾಡಿಯವರ ಕೂಗು, ಯಾರದೋ ಮನೆಯ ಬೊಂಬಿಲ್ ಮೀನು ಹುರಿಯುವ ವಾಸನೆ ಎಲ್ಲ ಒಳಗೆ ಬರುತ್ತಿತ್ತು. ಆ ಕಿಟಕಿಯ ಪಕ್ಕ ನಾನು ಅರ್ಧ ವರ್ಷ ಕೂತಿದ್ದೆ. ನಾನಾಗಿ ಆರಿಸಿಕೊಂಡ ಜಾಗ ಅದಲ್ಲ. ಗಣಿತದ ಸರ್ ಕೂರಿಸಿದ್ದು.

ನಾನು ಮುಂಬಯಿಗೆ ಬಂದದ್ದು 1998ರ ಜೂನ್‌ನಲ್ಲಿ. ಆಗ ನನಗೆ 13 ವರ್ಷ. ಕೊಂಕಣ ರೈಲು ಆ ವರ್ಷವೇ ಪೂರ್ತಿ ಶುರುವಾಗಿತ್ತು. ಕುಂದಾಪುರದಲ್ಲಿ ಹತ್ತಿಸುವಾಗ ಅಮ್ಮ ಹೇಳಿದ್ದು ಒಂದೇ ಮಾತು, "ಧಣಿಗಳ ಹತ್ರ ಬೈಸ್ಕೊಳ್ಬೇಡ." ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಏಳಬೇಕು. ಸಂಜೆ ಆರಕ್ಕೆ ಬಿಡುತ್ತಿದ್ದರು. ಆರೂವರೆಗೆ ಶಾಲೆ, ಒಂಬತ್ತೂವರೆಗೆ ಮತ್ತೆ ಹೋಟೆಲು. ಪಾತ್ರೆ ಎಲ್ಲ ಮುಗಿಸಿ ಮಲಗುವಾಗ ಹನ್ನೊಂದೂವರೆ.

ಮಲಗುತ್ತಿದ್ದದ್ದು ಹೋಟೆಲಿನ ಮಾಳದಲ್ಲಿ. ಈಗಿನ ಮಕ್ಕಳಿಗೆ ಮಾಳ ಅಂದರೆ ಗೊತ್ತಾಗಲಿಕ್ಕಿಲ್ಲ. ಅಡುಗೆಮನೆಯ ಮೇಲೆ ಹಲಗೆ ಹಾಕಿ ಮಾಡಿದ ಅಟ್ಟ. ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಒಂದು ಕಡೆ ಅಕ್ಕಿ ಚೀಲ, ಈರುಳ್ಳಿ ಚೀಲ. ಇನ್ನೊಂದು ಕಡೆ ನಾವು ಎಂಟು ಜನ. ಕೆಳಗಿನ ಒಲೆಯ ಬಿಸಿ ರಾತ್ರಿಯಿಡೀ ಹಲಗೆಯಲ್ಲೇ ಇರುತ್ತಿತ್ತು. ಕಿಟಕಿ ಇರಲಿಲ್ಲ.

ನನಗೆ ಒಂದು ಕನಸಿತ್ತು. ಕೂತು ಮಾಡುವ ಕೆಲಸ. ಅಷ್ಟೇ. ದಿನಕ್ಕೆ ಹದಿಮೂರು ಗಂಟೆ ನಿಂತವನಿಗೆ ಕುರ್ಚಿ ಎಂಬುದು ಎಷ್ಟು ದೊಡ್ಡ ವಸ್ತು ಅಂತ ನಿಂತವರಿಗೇ ಗೊತ್ತು. ಗಣಿತದ ಸರ್ ಹಗಲು ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದರು. ರಾತ್ರಿ ನಮಗೆ ಪಾಠ. ಒಮ್ಮೆ ಧಣಿಗಳು ಚಿಲ್ಲರೆ ತರಲು ಅವರ ಬ್ಯಾಂಕಿಗೇ ಕಳಿಸಿದ್ದರು. ಜಾಲರಿಯ ಹಿಂದೆ, ಫ್ಯಾನಿನ ಕೆಳಗೆ, ಸರ್ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಎಸ್ಸೆಸ್ಸಿ ಪಾಸಾದರೆ ನಾನೂ ಹಾಗೆ ಕೂರಬಹುದು ಎಂದು ಆ ದಿನ ಮನಸ್ಸಿಗೆ ಬಂತು.

2001ರ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಮೊದಲು ಯಾರೂ ಗಮನಿಸಲಿಲ್ಲ. ಮಳೆಗಾಲದಲ್ಲಿ ಯಾರು ಕೆಮ್ಮುವುದಿಲ್ಲ, ಅಲ್ವಾ? ಆದರೆ ಶ್ರಾವಣ ಮುಗಿದರೂ ಹೋಗಲಿಲ್ಲ. ಸಂಜೆಯಾದರೆ ಮೈ ಬಿಸಿ. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಒಲೆಯ ಬಿಸಿಗೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಯಾಕೆಂದರೆ ಹಿಂದಿನ ವರ್ಷ ನಮ್ಮ ಮಾಳದಲ್ಲೇ ಒಬ್ಬ ಅಣ್ಣ ಇದ್ದ. ಸಪ್ಲಯರ್. ಅವನಿಗೂ ಹೀಗೇ ಕೆಮ್ಮು. ಒಂದು ಬೆಳಿಗ್ಗೆ ಮ್ಯಾನೇಜರ್ ಲೆಕ್ಕ ಮುಗಿಸಿ, ಟಿಕೆಟ್ ತೆಗೆಸಿ, "ಊರಲ್ಲಿ ರೆಸ್ಟ್ ಮಾಡು" ಎಂದು ಕಳಿಸಿದರು. ಅವನ ಹಾಸಿಗೆಯನ್ನು ಅದೇ ದಿನ ಹೊರಗೆ ಎಸೆದರು. ಮತ್ತೆ ಅವನು ಬರಲೇ ಇಲ್ಲ. ಅವನ ಹೆಸರು ಹೇಳುವುದನ್ನೂ ಎಲ್ಲರೂ ನಿಲ್ಲಿಸಿದರು.

ಇದನ್ನು ನಾನು ಬಿಡಿಸಿ ಹೇಳಬೇಕು. ನಾವು ಕಾಯಿಲೆ ಮುಚ್ಚಿಟ್ಟದ್ದು ಬರೀ ನಾಚಿಕೆಯಿಂದಲ್ಲ, ತಿಳುವಳಿಕೆ ಇಲ್ಲದೆಯೂ ಅಲ್ಲ. ನಮ್ಮ ಕೆಲಸ, ಊಟ, ಹಾಸಿಗೆ, ಶಾಲೆ ಎಲ್ಲ ಒಂದೇ ದಾರಕ್ಕೆ ಕಟ್ಟಿತ್ತು. ಕೆಲಸ ಹೋದರೆ ಆ ರಾತ್ರಿ ಮಲಗಲು ಜಾಗ ಇಲ್ಲ. ಜಾಗ ಇಲ್ಲದಿದ್ದರೆ ಊರಿಗೆ ಹೋಗಬೇಕು. ಊರಿಗೆ ಹೋದರೆ ಹತ್ತನೇ ತರಗತಿ ಅಲ್ಲಿಗೆ ಮುಗಿಯಿತು. ಮುಂಬಯಿಯಲ್ಲಿ ನಮಗೆ ದುಡಿಯಲು ಜಾಗ ಇತ್ತು, ಕಾಯಿಲೆ ಬೀಳಲು ಇರಲಿಲ್ಲ. ಹಾಗಾಗಿ ಟವೆಲ್ ಬಾಯಿಗೆ ಒತ್ತಿ ಕೆಮ್ಮುವುದನ್ನು ಕಲಿತೆ.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಪಾಠದ ಮಧ್ಯೆ ಸರ್ ಚಾಕ್ ಕೆಳಗಿಟ್ಟರು. "ನೀನು ಎದ್ದು ಆ ಕಿಟಕಿ ಹತ್ರ ಕೂತ್ಕೋ" ಅಂದರು. ಎಲ್ಲರೂ ತಿರುಗಿ ನೋಡಿದರು. ನನ್ನನ್ನು ದೂರ ಇಟ್ಟರು ಎಂದು ಕಣ್ಣಲ್ಲಿ ನೀರು ಬಂತು. ಗಂಟೆ ಹೊಡೆದ ಮೇಲೆ ಎಲ್ಲರನ್ನೂ ಕಳಿಸಿ ನನ್ನನ್ನು ನಿಲ್ಲಿಸಿಕೊಂಡರು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಸುಳ್ಳು ತಯಾರಾಗಿತ್ತು.

ಅವರು ಕೇಳಿದ್ದು ಬೇರೆ. "ಎಲ್ಲಿ ಮಲಗ್ತೀಯಾ ಮಾರಾಯ?"

ಆ ಪ್ರಶ್ನೆಗೆ ನನ್ನ ಹತ್ತಿರ ಸುಳ್ಳು ಇರಲಿಲ್ಲ. ಮಾಳದ ವಿಷಯ ಹೇಳಿದೆ. ಎಂಟು ಜನ ಅಂದೆ. ಕಿಟಕಿ ಇಲ್ಲ ಅಂದೆ. ಮತ್ತೆ ಉಳಿದದ್ದೆಲ್ಲ ತಾನಾಗಿ ಬಂತು, ಬೆವರು, ಜ್ವರ, ಆ ಅಣ್ಣನ ಹಾಸಿಗೆ ಎಲ್ಲ.

ಮರುದಿನ ಸರ್ ಅರ್ಧ ದಿನ ರಜೆ ಹಾಕಿ ನನ್ನನ್ನು ಮುನಿಸಿಪಾಲಿಟಿ ದವಾಖಾನೆಗೆ ಕರೆದುಕೊಂಡು ಹೋದರು. ಕಫ ಮೂರು ಸಲ ಕೊಡಬೇಕಿತ್ತು. ಕ್ಷಯ ಎಂದು ಬಂತು. ತೂಕ 34 ಕಿಲೋ. ಅಲ್ಲಿಯ ಡಾಕ್ಟರು ಒಂದು ಕೆಂಪು ಪೆಟ್ಟಿಗೆ ತೆಗೆದು ಅದರ ಮೇಲೆ ನನ್ನ ಹೆಸರು ಬರೆದರು. ಆರು ತಿಂಗಳ ಮಾತ್ರೆ ಪೂರ್ತಿ ಅದರೊಳಗೆ. ಅದು ಬೇರೆ ಯಾರಿಗೂ ಹೋಗುವುದಿಲ್ಲ, ನನ್ನದೇ. ಡಾಟ್ಸ್ ಎನ್ನುತ್ತಿದ್ದರು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ದವಾಖಾನೆಗೇ ಹೋಗಿ ಅವರ ಎದುರೇ ನುಂಗಬೇಕು. ಆಮೇಲೆ ವಾರಕ್ಕೊಮ್ಮೆ ಹೋಗಿ, ಖಾಲಿ ಪಟ್ಟಿ ತೋರಿಸಿ, ಹೊಸದು ತರಬೇಕು. ಒಂದು ಪೈಸೆ ಖರ್ಚಿಲ್ಲ. ಮುಂಬಯಿಯಲ್ಲಿ ನನ್ನ ಹೆಸರು ಬರೆದ ಮೊದಲ ವಸ್ತು ಆ ಪೆಟ್ಟಿಗೆ.

ಮೊದಲ ದಿನವೇ ಮೂತ್ರ ಕೆಂಪಗೆ ಹೋಯಿತು. ರಕ್ತ ಅಂದುಕೊಂಡೆ. ಎರಡು ದಿನ ಯಾರಿಗೂ ಹೇಳಲಿಲ್ಲ. ನೋಡಿ, ಅಷ್ಟಾದ ಮೇಲೂ ಮುಚ್ಚಿಡುವ ಅಭ್ಯಾಸ ಹೋಗಿರಲಿಲ್ಲ. ಕೊನೆಗೆ ದವಾಖಾನೆಯಲ್ಲಿ ಕೆಲಸ ಮಾಡುವ ಹೆಂಗಸಿನ ಮುಂದೆ ಅತ್ತುಬಿಟ್ಟೆ. ಅವರು ಬೆನ್ನು ತಟ್ಟಿ, "ಅರೇ, ಗೋಳೀಚಾ ರಂಗ್ ಆಹೇ ತೋ" ಅಂದರು. ರಿಫಾಂಪಿಸಿನ್ ಎಂಬ ಮಾತ್ರೆಯ ಬಣ್ಣ ಅದು.

ಮಲಗುವ ಜಾಗದ ಪ್ರಶ್ನೆಯನ್ನೂ ಸರ್ ಅವರೇ ಬಿಡಿಸಿದರು. ಗಿರ್ಗಾಂವ್‌ನ ಚಾಳಿನಲ್ಲಿ ಅವರದು ಒಂದೇ ಕೋಣೆ. ಮಕ್ಕಳಿರಲಿಲ್ಲ. ಬಾಗಿಲ ಮುಂದಿನ ಗ್ಯಾಲರಿಯಲ್ಲಿ ನನಗೊಂದು ಚಾಪೆ ಹಾಕಿದರು. ಸಮುದ್ರದ ಕಡೆಯ ಗಾಳಿ ಅಲ್ಲಿಗೆ ಬರುತ್ತಿತ್ತು. ಸರ್ ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ದಿನಾ ಕುಚ್ಚಲಕ್ಕಿ ಗಂಜಿ, ಒಂದು ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು. ನನ್ನ ತಟ್ಟೆಯನ್ನು ಬೇರೆ ಇಡಲಿಲ್ಲ. ಉಳಿದ ತಟ್ಟೆಗಳ ಜೊತೆಗೇ ತೊಳೆದರು. ಕ್ಷಯ ತಟ್ಟೆಯಿಂದ ಅಂಟುವುದಿಲ್ಲ, ಗಾಳಿಯಿಂದ ಅಂಟುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಅಕ್ಕನಿಗೆ ಆಗಲೇ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ನಾನು ಕೇಳಲಿಲ್ಲ.

ಆರನೇ ವಾರಕ್ಕೆ ಡಾಕ್ಟರ ಚೀಟಿ ಹಿಡಿದು ಸರ್ ನನ್ನನ್ನು ಹೋಟೆಲಿಗೆ ಕರೆದೊಯ್ದರು. ಮ್ಯಾನೇಜರ್ ಜೊತೆ ಗಲ್ಲಾದ ಪಕ್ಕ ನಿಂತು ತುಂಬಾ ಹೊತ್ತು ಮಾತಾಡಿದರು. ಕೆಲಸ ಉಳಿಯಿತು. ಉಳಿದ ಏಳು ಜನರಿಗೂ ಪರೀಕ್ಷೆ ಆಯಿತು, ಒಬ್ಬನಿಗೆ ಇತ್ತು. ಮಾಳದ ಗೋಡೆಗೆ ಒಂದು ಕಿಂಡಿ ಕೊರೆದು ಫ್ಯಾನ್ ಕೂರಿಸಿದರು. 2002ರ ಫೆಬ್ರವರಿ ಕೊನೆಗೆ ನನ್ನ ಪೆಟ್ಟಿಗೆ ಖಾಲಿಯಾಯಿತು. ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಗಣಿತದಲ್ಲಿ 71.

ಬ್ಯಾಂಕು ಸಿಗಲಿಲ್ಲ. ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದೆ. ಹನ್ನೆರಡನೇ ತರಗತಿ, ಆಮೇಲೆ ಡಿಪ್ಲೊಮಾ, ಎಲ್ಲ ಸೇರಿ ಏಳು ವರ್ಷ ಹಿಡಿಯಿತು. 2009ರಲ್ಲಿ ಮೊದಲ ಸಲ ನನ್ನದೇ ಕುರ್ಚಿ. ಮುಂದೆ ಮೈಕ್ರೋಸ್ಕೋಪ್. ಕಫದ ಸ್ಲೈಡಿಗೆ ಕೆಂಪು ಬಣ್ಣ ಹಾಕಿ, ಕೆಳಗಿಂದ ಬಿಸಿ ಮಾಡಿ, ಆಸಿಡ್‌ನಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಹಾಕಬೇಕು. ಬೇರೆ ಎಲ್ಲದರ ಕೆಂಪು ಹೋಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಬಿಡುವುದಿಲ್ಲ. ನೀಲಿಯ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿ. ಮೊದಲ ಸಲ ನೋಡಿದ ದಿನ ಕೈ ನಡುಗಿತು. ಇದನ್ನೇ ಅಲ್ವಾ ನಾನು ಟವೆಲಿನಲ್ಲಿ ಮುಚ್ಚಿಡಲು ನೋಡಿದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ 2020 ಬಂತು.

ಮಾರ್ಚಿನಲ್ಲಿ ಲೋಕಲ್ ರೈಲು ನಿಂತಿತು. ನನ್ನ ಮನೆ ಡೊಂಬಿವಲಿ, ಲ್ಯಾಬ್ ದಾದರ್ ಕಡೆ. ಅಗತ್ಯ ಸೇವೆಯವರಿಗೆ ರೈಲು ಮತ್ತೆ ಶುರುವಾಗಿದ್ದು ಜೂನ್ 15ಕ್ಕೆ. ಅಷ್ಟು ದಿನ ಲ್ಯಾಬಿನ ಮೇಲಿನ ಸ್ಟೋರ್ ರೂಮಿನಲ್ಲೇ ಮಲಗಿದೆ. ಬಸ್ಸು ಇತ್ತು. ಆದರೆ ಮನೆಗೆ ಹೋಗಿ ಹೆಂಡತಿ ಮಗಳಿಗೆ ಏನಾದರೂ ಅಂಟಿಸಿಬಿಟ್ಟರೆ ಎಂಬ ಭಯ. ಮತ್ತೆ ಕೆಲಸದ ಜಾಗದಲ್ಲೇ ಹಾಸಿಗೆ, ಮತ್ತೆ ರಟ್ಟಿನ ಡಬ್ಬಿಗಳ ಮಧ್ಯೆ.

ಮೇ ತಿಂಗಳಲ್ಲಿ ಒಂದು ರಾತ್ರಿ ಎದೆ ಡಬಡಬ ಹೊಡೆದುಕೊಳ್ಳಲು ಶುರುವಾಯಿತು. ಉಸಿರು ಸಾಲದು. ಕೈ ಜೋಮು. ಕೊರೋನಾ ಬಂತು ಅಂದುಕೊಂಡೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 98. ಮೂಗಿನ ಪರೀಕ್ಷೆ ನೆಗೆಟಿವ್. ಮತ್ತೆ ಎರಡು ದಿನಕ್ಕೆ ಅದೇ. ಆಮೇಲೆ ದಿನಾ. ನಿದ್ದೆ ಹೋಯಿತು. ಮಗಳು ಫೋನ್ ಮಾಡಿದರೆ "ಊಟ ಆಯ್ತು ಪುಟ್ಟಾ, ಚೆನ್ನಾಗಿದ್ದೀನಿ" ಎನ್ನುತ್ತಿದ್ದೆ. ಜೊತೆಯವರಿಗೂ ಹೇಳಲಿಲ್ಲ. ಕೈ ನಡುಗುವವನಿಗೆ ಸ್ಲೈಡ್ ಯಾರು ಕೊಡುತ್ತಾರೆ? 35 ವರ್ಷದವನ ಲೆಕ್ಕ 16 ವರ್ಷದ ಹುಡುಗನ ಲೆಕ್ಕವೇ ಆಗಿತ್ತು.

ಒಂದು ಸಂಜೆ ಸರ್ ಅವರೇ ಫೋನ್ ಮಾಡಿದರು. ರಿಟೈರ್ ಆಗಿ ಉಡುಪಿ ಕಡೆ ಊರಲ್ಲಿದ್ದರು. ಹಳೆಯ ಹುಡುಗರಿಗೆಲ್ಲ ಒಬ್ಬೊಬ್ಬರಿಗೇ ಮಾಡುತ್ತಿದ್ದರಂತೆ. ಸ್ವಲ್ಪ ಹೊತ್ತು ಅದೂ ಇದೂ ಮಾತು. ಮತ್ತೆ ಸುಮ್ನೆ ಕೇಳಿದ ಹಾಗೆ, "ಈಗ ಎಲ್ಲಿ ಮಲಗ್ತೀಯಾ?"

ನನಗೆ ಮಾತು ಹೊರಡಲಿಲ್ಲ. ಆಮೇಲೆ ಎಲ್ಲ ಹೇಳಿದೆ.

ಅವರು ಸಮಾಧಾನ ಹೇಳಲಿಲ್ಲ. ತಮ್ಮ ವಿಷಯ ಹೇಳಿದರು. 1970ರ ದಶಕದಲ್ಲಿ ಅವರಿಗೂ ಕ್ಷಯ ಬಂದಿತ್ತು. ಆಗ ಆರು ತಿಂಗಳ ಮಾತ್ರೆ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಕೂರಲಾಗುತ್ತಿರಲಿಲ್ಲವಂತೆ. ಔಷಧಿ ಒಂದೂವರೆ ವರ್ಷ. ಗೊತ್ತಾದ ಕೂಡಲೇ ಎರಡು ಸಂಬಂಧ ಮುರಿದವು. ಮೂರನೆಯದಾಗಿ ಬಂದ ಅಕ್ಕನಿಗೆ ಅವರೇ ಮೊದಲು ಹೇಳಿದರು. ಅವರು ಸರಿ ಅಂದರು. ಬ್ಯಾಂಕಿನಲ್ಲಾಗಲಿ ಶಾಲೆಯಲ್ಲಾಗಲಿ ನಿವೃತ್ತಿಯವರೆಗೂ ಯಾರಿಗೂ ಹೇಳಲಿಲ್ಲ. "ನಿನಗೂ ಆಗ ಹೇಳಲಿಲ್ಲ. ಹೇಳಬೇಕಿತ್ತು. ಅದೊಂದು ನನಗೆ ಬೇಸರ ಉಂಟು" ಅಂದರು. ಗ್ಯಾಲರಿಯ ಚಾಪೆ, ತಟ್ಟೆ, ಕಿಟಕಿ ಎಲ್ಲ ನನಗೆ ಆಗ ಅರ್ಥವಾಯಿತು.

ಮರುದಿನ ನಮ್ಮ ಲ್ಯಾಬಿನ ಡಾಕ್ಟರಿಗೆ ಹೇಳಿದೆ. ಅವರು ಮನೋವೈದ್ಯರ ಹತ್ತಿರ ಫೋನಿನಲ್ಲಿ ಮಾತಾಡಿಸಿದರು. ಪ್ಯಾನಿಕ್ ಅಟ್ಯಾಕ್ ಎಂದರು. ಮಾತ್ರೆ ಇತ್ತು, ವಾರಕ್ಕೊಮ್ಮೆ ಮಾತೂ ಇತ್ತು. ಎಂಟು ತಿಂಗಳು ಹಿಡಿಯಿತು. ಹೆಂಡತಿಗೂ ಹೇಳಿದೆ. ಅವಳು ಬೈದಳು, ಹೇಳದೆ ಇದ್ದದ್ದಕ್ಕೆ. ಈಗಿನ ವಿದ್ಯಾರ್ಥಿಗಳಿಗೆ ಒಂದು ನಂಬರ್ ಬರೆದಿಡುತ್ತೇನೆ, 14416. ಟೆಲಿ ಮಾನಸ್ ಎಂದು 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು.

ಸರ್ 2022ರಲ್ಲಿ ತೀರಿಕೊಂಡರು. ಆಗಲೇ ನಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದರು. 2006ರಲ್ಲಿ 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸಬಾರದು ಎಂದು ನಿಯಮ ಬಂತು. ಬರಲೇಬೇಕಿತ್ತು. ನನ್ನ ಮಗಳ ವಯಸ್ಸಿನ ಮಗು ಮಾಳದಲ್ಲಿ ಮಲಗುವುದನ್ನು ನಾನು ನೆನೆಸಲಾರೆ. ಆದರೂ ಆ ಬೆಂಚುಗಳು ಖಾಲಿ ಇರುವುದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕಳೆದ ಮಳೆಗಾಲದಲ್ಲಿ ಲ್ಯಾಬಿಗೆ ಒಬ್ಬ ಹುಡುಗ ಬಂದ. ಹತ್ತೊಂಬತ್ತು ಇಪ್ಪತ್ತು ಇರಬಹುದು. ಮಾತು ಕೇಳಿದ ಕೂಡಲೇ ನಮ್ಮ ಕಡೆಯವನು ಎಂದು ಗೊತ್ತಾಯಿತು. ಫಾರ್ಮಿನಲ್ಲಿ ವಿಳಾಸದ ಜಾಗ ಖಾಲಿ ಬಿಟ್ಟಿದ್ದ. ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದ. "ರಿಪೋರ್ಟ್ ಹೋಟೆಲಿಗೆ ಹೋಗ್ತದಾ ಅಣ್ಣ?" ಎಂದು ಕೇಳಿದ.

ಹೋಗುವುದಿಲ್ಲ ಅಂದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಮತ್ತೆ ಕೇಳಿದೆ, "ಎಲ್ಲಿ ಮಲಗ್ತೀಯಾ ಮಾರಾಯ?"

"ಮೇಲೆ, ರೂಮಲ್ಲಿ. ಐದು ಜನ ಇದ್ದೇವೆ."

"ಕಿಟಕಿ ಉಂಟಾ?"

"ಉಂಟು. ಎಸಿ ಮಿಷನ್ ಕೂರಿಸ್ಲಿಕ್ಕೆ ಮುಚ್ಚಿದ್ದಾರೆ."

ಈಗ ಮಾತ್ರೆ ದಿನಾ ತೆಗೆದುಕೊಳ್ಳಬೇಕು, ಮನೆಗೇ ಕೊಡುತ್ತಾರೆ, ಒಳ್ಳೆಯ ಊಟಕ್ಕೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ ಎಂದು ಹೇಳಿದೆ. ನನ್ನ ಕೆಂಪು ಪೆಟ್ಟಿಗೆಯ ವಿಷಯವನ್ನೂ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೋಗುವಾಗ, ಜೊತೆಗೆ ಮಲಗುವ ನಾಲ್ವರನ್ನೂ ಪರೀಕ್ಷೆಗೆ ಕರೆದುಕೊಂಡು ಬಾ, ಮ್ಯಾನೇಜರ್ ಹತ್ತಿರ ಮಾತಾಡಬೇಕಾದರೆ ನಾನು ಬರುತ್ತೇನೆ ಅಂದೆ.

ಬರುತ್ತಾನೋ ಇಲ್ಲವೋ ಎಂದು ರಾತ್ರಿಯಿಡೀ ಯೋಚನೆ. ಮರುದಿನ ಬೆಳಿಗ್ಗೆ ಲ್ಯಾಬಿನ ಶಟರ್ ಎತ್ತುವಾಗ ಐದೂ ಜನ ಮೆಟ್ಟಿಲ ಮೇಲೆ ಕೂತಿದ್ದರು.